ಹೊಸ್ತಿಲಿನ ನಾಲ್ಕು ಸಾಲು

ನಮ್ಮ ಊರಿನಲ್ಲಿ ಬದನೆಕಾಯಿಯ ದರ ಎಲ್ಲರಿಗೂ ಕೇಳಿಸುತ್ತದೆ. ದೋಣಿ ಎಷ್ಟು ಹೊತ್ತಿಗೆ ಹೊರಡುತ್ತದೆ, ನಲ್ಲಿಯಲ್ಲಿ ನೀರು ಬಂತೇ, ಹಾಲು ಒಡೆಯಿತೇ, ಇವೆಲ್ಲವೂ ಕೇಳಿಸುತ್ತವೆ. ಆದರೆ ಯಾರಾದರೂ ‘ನನಗೆ ದುಃಖವಾಗಿದೆ’ ಎಂದರೆ ತುಟಿ ಮಾತ್ರ ಅಲ್ಲಾಡುತ್ತದೆ, ಸದ್ದು ಹೊರಡುವುದಿಲ್ಲ. ‘ನೀನಂದರೆ ನನಗೆ ಪ್ರಾಣ’ ಎಂದರೂ ಅಷ್ಟೇ, ‘ನಿನ್ನ ಮೇಲೆ ಸಿಟ್ಟು ಬಂದಿದೆ’ ಎಂದರೂ ಅಷ್ಟೇ. ಕೆಳಗಿನ ಬೀದಿಯ ರಾಮಣ್ಣಶೆಟ್ಟರು ಊಟಕ್ಕೆ ಕೂತಾಗ ಕೈ ಬೀಸಿ ಬೀಸಿ ರೇಗುತ್ತಾರೆ, ಅವರ ಹೆಂಡತಿ ಸಾರು ಬಡಿಸುತ್ತಲೇ ಇರುತ್ತಾರೆ. ತುಟಿ ನೋಡಿ ಊಹಿಸಬಹುದಲ್ಲ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಊಹಿಸಬಹುದು. ಊಹಿಸಿದ್ದು ಕೇಳಿಸಿಕೊಂಡಷ್ಟು ಸಾಲುವುದಿಲ್ಲ ಎಂದು ಮದುವೆಯಾದ ಯಾವ ಹೆಂಗಸಾದರೂ ಹೇಳುತ್ತಾಳೆ. ಕಾಗದದಲ್ಲಿ ನೇರವಾಗಿ ಬರೆದರೂ ಮಸಿ ಒಣಗುವುದರೊಳಗೆ ಮಾಸುತ್ತದೆ. ಒಂದು ವಿಚಿತ್ರವೆಂದರೆ ಹೇಳುವವರ ಕಿವಿಗೆ ಮಾತ್ರ ತಮ್ಮ ಮಾತು ಯಾವಾಗಲೂ ಸರಿಯಾಗಿಯೇ ಕೇಳಿಸುತ್ತದೆ. ಎಷ್ಟೋ ಜನ ಹೇಳಿಬಿಟ್ಟೆವು ಎಂಬ ಸಮಾಧಾನದಲ್ಲಿಯೇ ಮುದುಕರಾಗಿಬಿಡುತ್ತಾರೆ.

ಮನಸ್ಸಿನದು ಕೇಳಿಸಬೇಕೆಂದರೆ ಅದನ್ನು ಬೇರೊಂದು ವಸ್ತುವಿನ ಕೈಯಲ್ಲಿ ಕೊಟ್ಟು ಕಳಿಸಬೇಕು. ಅದೂ ನಾಲ್ಕೇ ಸಾಲಿನಲ್ಲಿ. ಐದನೆಯ ಸಾಲಿಗೆ ದನಿ ಹಿನ್ನೀರಿನ ಮಂಜಿನೊಳಗೆ ಇಳಿದು ಕರಗಿಹೋಗುತ್ತದೆ. ಇದರಂತೆ ಅದು ಎಂದು ಹೋಲಿಸಿದರೆ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತದೆ. ಹೋಲಿಸುವುದನ್ನು ಬಿಟ್ಟು ಇದೇ ಅದು ಎಂದುಬಿಟ್ಟರೆ ಎದುರಿಗೆ ನಿಂತು ಹೇಳಿದ ಹಾಗೆ. ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಒತ್ತೊತ್ತಾಗಿ ಇಟ್ಟರೆ ದನಿ ಸ್ವಲ್ಪ ಹೊತ್ತು ತೊಲೆಯ ಸುತ್ತ ಸುಳಿಯುತ್ತಿರುತ್ತದೆ. ಇದನ್ನೆಲ್ಲ ನಮಗೆ ಶಾಲೆಯಲ್ಲಿ ಮಗ್ಗಿಯ ಜೊತೆಗೇ ಕಲಿಸುತ್ತಾರೆ. ಆದರೆ ಒಂದು ಹೋಲಿಕೆ ಹೆಚ್ಚು ದಿನ ಬಾಳುವುದಿಲ್ಲ. ಹತ್ತು ಹನ್ನೆರಡು ಸಲ ಬಾಯಿಂದ ಹೊರಬಿದ್ದರೆ ಸವೆದು ಮೂಕವಾಗುತ್ತದೆ. ಚಂದ್ರ ನನ್ನ ಅಜ್ಜಿಯ ಕಾಲದಲ್ಲೇ ಹೋದ. ತಾವರೆ ಅದಕ್ಕೂ ಮೊದಲು. ದುಂಬಿ, ಕೋಗಿಲೆ, ಹಣತೆ, ಹೊಳೆ ಎಲ್ಲವೂ ಹೋದವು. ಹಾಗಾಗಿ ನಮ್ಮವರು ದಾರಿಯಲ್ಲಿ ನಡೆಯುವಾಗ ನೆಲ ನೋಡುತ್ತ ನಡೆಯುತ್ತಾರೆ. ಯಾರೂ ಇನ್ನೂ ಹೇಳದ ವಸ್ತು ಯಾವುದಾದರೂ ಸಿಕ್ಕೀತೇ ಎಂದು.

ನಾನು ರವಿಕೆ ಹೊಲಿಯುವವಳು. ನಮ್ಮ ಊರಿನ ಬೀದಿಗಳೆಲ್ಲ ಮೆಟ್ಟಿಲುಗಳು. ಮೂರನೆಯ ಮೆಟ್ಟಿಲುಸಾಲಿನ ಕೊನೆಯ ಮನೆ ನನ್ನದು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಕಿಟಕಿಯಾಚೆ ಕೊನೆಯಿಲ್ಲದ ಹಿನ್ನೀರು. ಅಳತೆ ಕೊಡಲು ಬಂದ ಹೆಂಗಸರು ಕೈಗಳನ್ನು ಸ್ವಲ್ಪ ಎತ್ತಿ ನಿಲ್ಲುತ್ತಾರೆ. ಟೇಪು ಎದೆಯ ಸುತ್ತ ಬಂದಾಗ ಯಾಕೋ ಎಲ್ಲರಿಗೂ ಏನೋ ಹೇಳಬೇಕೆನಿಸುತ್ತದೆ. ಅವರ ಉಸಿರಿನಿಂದ, ಹೆಗಲು ಕೆಳಗಿಳಿಯುವ ರೀತಿಯಿಂದ ನಾನು ಒಂದಿಷ್ಟು ತಿಳಿದುಕೊಳ್ಳುತ್ತೇನೆ. ಮುಂದಿನ ವಾರ ರವಿಕೆಯ ಮಡಿಕೆಯೊಳಗೆ ಒಂದು ಚೀಟಿ ಇರುತ್ತದೆ, ಚೀಟಿಯಲ್ಲಿ ನಾಲ್ಕು ಸಾಲು. ಹೀಗೆ ಇಪ್ಪತ್ತು ವರ್ಷಗಳಿಂದ ಈ ಊರಿನ ಎಷ್ಟೋ ಗಂಡಸರಿಗೆ, ಅತ್ತೆಯರಿಗೆ, ಅಕ್ಕತಂಗಿಯರಿಗೆ ಕೇಳಿಸಿದ್ದು ನನ್ನ ಸಾಲುಗಳು. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಎಲ್ಲಕ್ಕಿಂತ ಕಷ್ಟದ ಸಾಲುಗಳು ಹೊಸ್ತಿಲಿನವು. ಮದುವೆಯಾದ ಮಗಳು ಗಂಡನ ಮನೆಗೆ ಹೊರಡುವ ಬೆಳಿಗ್ಗೆ ಹೊಸ್ತಿಲಿನ ಹೊರಗೆ ನಿಲ್ಲುತ್ತಾಳೆ, ತಾಯಿ ಒಳಗೆ ನಿಂತು ನಾಲ್ಕು ಸಾಲು ಹೇಳುತ್ತಾಳೆ. ಸಾಲು ಕೇಳಿಸಿದರೆ ಮಗಳು ಒಂದು ಸಲ ಒಳಗೆ ಕಾಲಿಟ್ಟು, ಆಮೇಲೆ ಹೊರಡುತ್ತಾಳೆ. ಆ ಮನೆ ಕೊನೆಯವರೆಗೂ ಅವಳ ತವರು. ಕೇಳಿಸದಿದ್ದರೆ ಅವಳ ಹಿಂದೆ ಬಾಗಿಲು ಮುಚ್ಚುತ್ತಾರೆ. ಯಾರಿಗೂ ಯಾರ ಮೇಲೂ ಕೋಪವಿರುವುದಿಲ್ಲ, ಆದರೂ ಮುಚ್ಚುತ್ತಾರೆ. ನಮ್ಮೂರ ಪದ್ಮಾಸನಿಯ ತಾಯಿ ಹೆದರಿಕೆಯಲ್ಲಿ, ಎಂದೋ ಮೂಕವಾಗಿದ್ದ ತಾವರೆಯನ್ನೇ ಹಿಡಿದುಕೊಂಡರು. ಪದ್ಮಾಸನಿ ಈಗಲೂ ವರ್ಷಕ್ಕೊಮ್ಮೆ ಬರುತ್ತಾಳೆ. ದೋಣಿಗಟ್ಟೆಯ ಛತ್ರದಲ್ಲಿ ಇಳಿದುಕೊಂಡು, ಛತ್ರದ ನಲ್ಲಿಯಲ್ಲಿ ಕಾಲು ತೊಳೆದು, ತಾಯಿ ಮಹಡಿಯ ಮೇಲೆ ಬಟ್ಟೆ ಹರವುವುದನ್ನು ಕೆಳಗಿನಿಂದ ನೋಡಿಕೊಂಡು ಹೋಗುತ್ತಾಳೆ.

ವನಮಾಲ ನನ್ನಲ್ಲಿಗೆ ಬಂದದ್ದು ಒಂದು ಮಧ್ಯಾಹ್ನ. ದೋಣಿಕಚೇರಿಯಲ್ಲಿ ಗುಮಾಸ್ತರಾಗಿರುವ ದಿವಾಕರಯ್ಯನವರ ಎರಡನೆಯ ಹೆಂಡತಿ ಅವಳು. ಮೊದಲನೆಯವಳು ತೀರಿಕೊಂಡಾಗ ಮಗಳು ಕೇತಕಿಗೆ ಐದು ವರ್ಷ, ವನಮಾಲ ಆ ಮನೆಗೆ ಬಂದಾಗ ಏಳು. ಈಗ ಕೇತಕಿಗೆ ಇಪ್ಪತ್ತೊಂದು, ಹಿನ್ನೀರಿನ ಆಚೆ ದಡದ ಮನೆಯೊಂದಕ್ಕೆ ಮದುವೆ ಗೊತ್ತಾಗಿತ್ತು. ವನಮಾಲಳಿಗೆ ಸ್ವಂತ ಮಕ್ಕಳಾಗಲಿಲ್ಲ.

“ಬಟ್ಟೆ ಕೊಡೋಕೆ ಹೋಗ್ತೀನಿ ಅಂತ ಮನೇಲಿ ಹೇಳ್ಬಂದಿದೀನಿ,” ಎಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲ.

“ಕೂತ್ಕೊ. ಮದುವೆಗೆ ಇನ್ನೆಷ್ಟು ದಿನ?”

“ಇಪ್ಪತ್ತೆರಡು. ನಂಗೆ ನಾಲ್ಕು ಸಾಲು ಬೇಕು ವಾರಿಜಕ್ಕ. ಹೆತ್ತೋಳು ಹೇಳ್ತಾಳಲ್ಲ, ಅಂಥದ್ದು.”

“ಹೆತ್ತೋಳು ಹೇಳೋದು ನಿನ್ನ ಬಾಯಲ್ಲಿ ಕೇಳ್ಸಲ್ಲ ಕಣೇ. ಸುಳ್ಳಿಗೂ ಸದ್ದಿರಲ್ಲ ಇಲ್ಲಿ. ನಿಮ್ಮಿಬ್ಬರದ್ದೇ ಏನಾದ್ರೂ ಹೇಳು. ನೀನು, ಅವಳು, ಹೇಗಿದೀರಿ?”

ವನಮಾಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಹೇಗೆ ಅಂದ್ರೆ? ಬೆಳಿಗ್ಗೆ ಎಬ್ಬಿಸ್ತೀನಿ. ನೀರು ಕಾಯಿಸ್ತೀನಿ. ಆಮೇಲೆ ಹಾಗೇ ಒಂದೊಂದು ಕೆಲಸ...”

“ಅದಲ್ಲ. ಅದನ್ನೆಲ್ಲ ಯಾರಾದ್ರೂ ಮಾಡ್ತಾರೆ.”

“ಹೌದು,” ಎಂದಳು. ಎದ್ದು ನಿಲ್ಲುತ್ತ ಇನ್ನೊಂದು ಸಲ, “ಯಾರಾದ್ರೂ ಮಾಡ್ತಾರೆ,” ಎಂದಳು.

ಅವಳು ಹೋದ ಮೇಲೆ ಮೂರು ದಿನ ನಾನು ಹುಡುಕಿದೆ. ಕಾಗೆಯ ಗೂಡಿನ ಕೋಗಿಲೆಮರಿ ಎಂದೋ ಮೂಕವಾಗಿತ್ತು. ಕಸಿ ಕಟ್ಟಿದ ಮಾವಿನ ಗಿಡವನ್ನು ಹಿಂದಿನ ವರ್ಷವೇ ಯಾರೋ ಬಳಸಿ ಮುಗಿಸಿದ್ದರು. ನಾಲ್ಕನೆಯ ದಿನ ರೇಷ್ಮೆಯ ರವಿಕೆಯೊಂದಕ್ಕೆ ಒಳಗಿನಿಂದ ಅಸ್ತರಿಯ ಬಟ್ಟೆ ಇಟ್ಟು ಹೊಲಿಯುತ್ತಿದ್ದಾಗ ಕೈ ನಿಂತಿತು. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಅಸ್ತರಿಯನ್ನು ನಾನು ಯಾರಿಗೂ ಹೋಲಿಕೆಯಾಗಿ ಕೊಟ್ಟಿರಲಿಲ್ಲ. ಅಳತೆಪುಸ್ತಕದ ಹಿಂದೆ ಬರೆದುಕೊಂಡೆ.

ಮೇಲಿನ ರೇಷ್ಮೆ ಬೇರೆಯವರು ನೇಯ್ದದ್ದು,
ನಾನು ಒಳಗಿನ ಅಸ್ತರಿ.
ಹೊಲಿಗೆ ಬಿಚ್ಚಿದ ದಿನ ಮಾತ್ರ
ನನ್ನ ಬಣ್ಣ ಕಾಣುತ್ತದೆ.

ಅದರಲ್ಲಿ ಹೆತ್ತವಳೂ ಇದ್ದಳು, ಸಾಕಿದವಳೂ ಇದ್ದಳು, ಅಗಲುವಿಕೆಯೂ ಇತ್ತು. ಒಂದನ್ನೂ ಹೆಸರಿಟ್ಟು ಕರೆದಿರಲಿಲ್ಲ. ನಾನು ಬರೆದವುಗಳಲ್ಲಿ ಇದೇ ಚೆನ್ನಾದದ್ದು ಎಂದು ಆ ಸಂಜೆ ನೀರನ್ನು ನೋಡುತ್ತ ಅಂದುಕೊಂಡೆ. ವನಮಾಲಳನ್ನು ಕರೆಸಿ ಚೀಟಿ ಕೊಟ್ಟಾಗ ಅವಳು ಎರಡು ಸಲ ಮನಸ್ಸಿನಲ್ಲಿ ಓದಿಕೊಂಡಳು.

“ಇದು ನಾನೇನಾ ಅಕ್ಕ?”

“ನೀನೇ.”

“ಎಷ್ಟು ಚೆನ್ನಾಗಿದೀನಿ,” ಎಂದಳು. ಅವಳ ಮುಖ ಕೆಂಪಾಯಿತು.

“ಬಾಯಿಬಿಟ್ಟು ಅಭ್ಯಾಸ ಮಾಡ್ಬೇಡ, ಗೊತ್ತಲ್ಲ? ಹೊಸದು. ಸವೆದುಹೋಗುತ್ತೆ.”

“ಗೊತ್ತು ಅಕ್ಕ. ನಾನೇನು ಇವತ್ತು ನಿನ್ನೆ ಬಂದೋಳಾ ಈ ಊರಿಗೆ?”

ಅದಾದ ಎರಡು ದಿನಕ್ಕೆ ಕೇತಕಿ ಮದುವೆಯ ರವಿಕೆಗೆ ಅಳತೆ ಕೊಡಲು ಬಂದಳು. ಉದ್ದನೆಯ ಹುಡುಗಿ, ಬಾಗಿಲಿನಲ್ಲಿ ತಲೆ ಬಗ್ಗಿಸಿ ಬರುತ್ತಾಳೆ, ಬಂದ ಮೇಲೂ ಅರ್ಧ ಬಾಗಿಲಿನಾಚೆಯೇ ಇರುವವಳಂತೆ ನಿಲ್ಲುತ್ತಾಳೆ.

“ತೋಳು ಗಿಡ್ಡ ಇರ್ಲಿ ಅಕ್ಕ.”

“ನಿಮ್ಮತ್ತೆ ಆಗೋರು ಏನಂತಾರೋ?”

“ಅವರದ್ದು ನೋಡಿದೀನಿ. ನಂದಕ್ಕಿಂತ ಗಿಡ್ಡ.”

ನಾನು ನಕ್ಕೆ. ಅವಳು ನಗಲಿಲ್ಲ. ಬೆನ್ನಿನ ಅಳತೆ ತೆಗೆದುಕೊಳ್ಳುವಾಗ ಕೇಳಿದಳು. “ಚಿಕ್ಕಮ್ಮ ಬಂದಿದ್ರಾ ಇಲ್ಲಿಗೆ?”

“ಹೂಂ. ಬಟ್ಟೆ ಕೊಡೋಕೆ.”

“ಬಟ್ಟೆ ಈಗ ನಾನು ತಂದೆನಲ್ಲ.”

ನನ್ನ ಹಲ್ಲಿನ ನಡುವೆ ಗುಂಡುಪಿನ್ನು ಇದ್ದದ್ದು ಒಳ್ಳೆಯದಾಯಿತು.

“ಅವರಿಗೆ ಅದೆಲ್ಲ ಬರಲ್ಲ ಅಕ್ಕ,” ಎಂದಳು ಕೇತಕಿ. “ಹದಿನಾಲ್ಕು ವರ್ಷದಲ್ಲಿ ಒಂದು ಸಾಲು ಹೇಳಿಲ್ಲ ನಂಗೆ. ನಾನೂ ಹೇಳಿಲ್ಲ, ಅದು ಬೇರೆ. ಅವತ್ತು ಅವರ ತುಟಿ ಸುಮ್ನೆ ಅಲ್ಲಾಡಿದ್ರೆ ನಾನು ತಿರುಗಿ ನೋಡದೆ ದೋಣಿ ಹತ್ತಿಬಿಡ್ತೀನಿ. ನೋಡ್ತಾ ನಿಂತಿರೋಕೆ ನನ್ನಿಂದಾಗಲ್ಲ.” ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಇನ್ನೂ ಏನೋ ಹೇಳಿದಳು. ಗಾಜಿನ ಮೇಲೆ ಅವಳ ಉಸಿರು ಒಂದು ಸಣ್ಣ ಮಸುಕಾಗಿ ಕೂತು, ಅಂಚಿನಿಂದ ಒಳಕ್ಕೆ ಮೆಲ್ಲಗೆ ಆರಿತು. ನನಗೆ ಏನೂ ಕೇಳಿಸಲಿಲ್ಲ.

ಹೊರಡುವ ದಿನದ ಬೆಳಿಗ್ಗೆ ಮಂಜು ಮೆಟ್ಟಿಲುಗಳವರೆಗೆ ಏರಿ ಬಂದಿತ್ತು. ಕೆಳಗೆ ದೋಣಿ ಕಾಣುತ್ತಿರಲಿಲ್ಲ. ಅದಕ್ಕೆ ಕಟ್ಟಿದ ಚೆಂಡುಹೂವಿನ ಮಾಲೆ ಮಾತ್ರ ನೀರಿಲ್ಲದೆ ತೇಲುತ್ತಿರುವಂತೆ ಕಾಣುತ್ತಿತ್ತು. ಕೇತಕಿಯ ಪೆಟ್ಟಿಗೆಯನ್ನು ಅಂಬಿಗರಿಬ್ಬರು ಆಗಲೇ ಇಳಿಸಿ ದೋಣಿಯಲ್ಲಿಟ್ಟಿದ್ದರು. ನಾವೆಲ್ಲ ಮನೆಯ ಮುಂದಿನ ಅಗಲ ಮೆಟ್ಟಿಲಿನ ಮೇಲೆ ನಿಂತಿದ್ದೆವು. ಗಂಡಿನ ಕಡೆಯವರು ಬಲಗಡೆ, ನಾವು ಎಡಗಡೆ. ದಿವಾಕರಯ್ಯನವರ ಅಕ್ಕ ಗೋದತ್ತೆ ಬಾಗಿಲಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸಾಲು ಕೇಳಿಸಿತೋ ಇಲ್ಲವೋ ಎಂದು ಹೇಳುವುದು ಮನೆಯ ಹಿರಿಯಳ ಕೆಲಸ. ಎಪ್ಪತ್ತು ದಾಟಿದರೂ ಅವರ ಕಿವಿ ಚುರುಕು, ಅದಕ್ಕಿಂತ ನಾಲಿಗೆ ಚುರುಕು.

ಕೇತಕಿ ಹೊಸ್ತಿಲಿನ ಹೊರಗೆ ನಿಂತಳು. ವನಮಾಲ ಒಳಗೆ. ಅವಳು ಹಸಿರು ಸೀರೆ ಉಟ್ಟಿದ್ದಳು, ಎರಡು ಕೈಯನ್ನೂ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನನ್ನತ್ತ ಒಂದು ಸಲ ನೋಡಿ ಹೇಳಲು ಶುರುಮಾಡಿದಳು.

ತುಟಿ ಅಲ್ಲಾಡಿತು. ಒಂದು, ಎರಡು, ಮೂರು, ನಾಲ್ಕು. ನಿಧಾನವಾಗಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ನಾನು ಚೀಟಿಯಲ್ಲಿ ಬರೆದಿದ್ದ ಹಾಗೆಯೇ. ಏನೂ ಕೇಳಿಸಲಿಲ್ಲ. ಕೆಳಗೆ ನೀರು ಕಲ್ಲಿಗೆ ತಾಗುವ ಸದ್ದು ಮಾತ್ರ ಇತ್ತು. ಹೇಳಿ ಮುಗಿಸಿ ವನಮಾಲ ಮುಗುಳ್ನಕ್ಕಳು. ಅವಳ ಕಿವಿಗೆ ಎಲ್ಲವೂ ಕೇಳಿಸಿತ್ತಲ್ಲ. ಮಗಳು ಒಳಗೆ ಕಾಲಿಡಲಿ ಎಂದು ಅವಳು ಅರ್ಧ ಹೆಜ್ಜೆ ಹಿಂದೆ ಸರಿದು ಜಾಗ ಕೂಡ ಬಿಟ್ಟಳು.

ಯಾರೂ ಅಲ್ಲಾಡಲಿಲ್ಲ. ದಿವಾಕರಯ್ಯ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. “ಎರಡು ವಾರದಿಂದ ದಿನಾ ಹೇಳ್ಕೋತಿದ್ಲಮ್ಮ. ನೀರು ಸೇದುವಾಗ, ಹಿಟ್ಟು ರುಬ್ಬುವಾಗ. ಮರ್ತುಹೋಗುತ್ತೆ, ಮರ್ತುಹೋಗುತ್ತೆ ಅಂತ. ಹೋದ ವಾರದಿಂದ ಸದ್ದಿರಲಿಲ್ಲ. ಮನಸ್ಸಲ್ಲೇ ಹೇಳ್ಕೋತಿದಾಳೆ ಅಂದ್ಕೊಂಡೆ.”

ವನಮಾಲ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಕೇತಕಿಯ ಮುಖವನ್ನು ನೋಡಿದಳು. ಆಗ ಅವಳಿಗೆ ತಿಳಿಯಿತು. ಅವಳ ತುಟಿ ಮತ್ತೆ ಅಲ್ಲಾಡತೊಡಗಿತು, ಈಗ ಬೇಗಬೇಗ, ನೇರವಾಗಿ. ಏನೆಂದು ಎಲ್ಲರೂ ಊಹಿಸಬಹುದಿತ್ತು. ಸದ್ದಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದಳು, ಹಳೆಯ ಚಂದ್ರ, ಹಳೆಯ ಕೋಗಿಲೆ. ಸದ್ದಿಲ್ಲ.

“ಆಯ್ತು ಬಿಡಮ್ಮ,” ಎಂದರು ಗೋದತ್ತೆ. ಅವರ ದನಿಯಲ್ಲಿ ನಿಷ್ಠುರವಿರಲಿಲ್ಲ. “ಹೊತ್ತಾಯ್ತು. ಮಗು, ನೀನು ನಡಿ.”

ಕೇತಕಿ ತಿರುಗಿದಳು. ಹೇಳಿದ್ದಂತೆಯೇ ಮಾಡಿದಳು, ನೋಡುತ್ತ ನಿಲ್ಲಲಿಲ್ಲ. ಒಂದು ಮೆಟ್ಟಿಲು ಇಳಿದಳು. ನನಗೆ ಆ ಕ್ಷಣದಲ್ಲಿಯೂ ಮೂರು ಹೋಲಿಕೆಗಳು ಹೊಳೆದವು, ಮೂರೂ ಹೊಸವು, ಮೂರೂ ಕೇಳಿಸುವಂಥವು. ವನಮಾಲಳ ಕಿವಿಯಲ್ಲಿ ಹೇಳಿಬಿಡಲೆಂದು ಮುಂದೆ ಹೋದೆ. ಹೋಗುತ್ತಲೇ ನಾನು ಮದುವೆಯಾಗಿ ಹೊರಟ ದಿನದ ಹೊಸ್ತಿಲು ಯಾಕೋ ಕಣ್ಣ ಮುಂದೆ ಬಂತು. ನನ್ನ ಅಮ್ಮನ ನಾಲ್ಕು ಸಾಲು ಎದುರು ಬೀದಿಯವರೆಗೆ ಕೇಳಿಸಿತ್ತು. ಇವತ್ತಿಗೂ ಹಳಬರು ಅದನ್ನು ಹೊಗಳುತ್ತಾರೆ. ಬಿಳಿ ಹಾಯಿ, ಗಾಳಿ, ಕಟ್ಟಿಹಾಕದ ಹಗ್ಗ. ಅಷ್ಟು ಚೆಂದದ ಸಾಲುಗಳು. ಅವುಗಳಲ್ಲಿ ನಾನಿರಲಿಲ್ಲ. ಯಾವ ಮಗಳಿಗಾದರೂ ಅವು ಒಪ್ಪುತ್ತಿದ್ದವು. ಮೂವತ್ತು ವರ್ಷ ನಾನು ಆ ತವರಿಗೆ ಹೋಗಿ ಬಂದೆ, ಪ್ರತಿ ಸಲವೂ ಅತಿಥಿಯ ಹಾಗೆ ಚಾಪೆಯ ಅಂಚಿನಲ್ಲಿ ಕೂತೆ. ಯಾಕೆಂದು ನನಗೆ ತಿಳಿದಿರಲಿಲ್ಲ. ನಾನು ಅಲ್ಲಿಯೇ ನಿಂತುಬಿಟ್ಟೆ, ಬಾಯಿ ಮುಚ್ಚಿಕೊಂಡೆ.

“ಏ ಕೇತಕಿ,” ಎಂದಳು ವನಮಾಲ.

ಅದು ದಿನವೂ ಒಳಗಿನಿಂದ ಕೂಗುವ ದನಿ, ಹಾಲು ಆರುತ್ತಿದೆ ಬಾ ಎನ್ನುವಾಗಿನದು. ಅದು ಎಲ್ಲರಿಗೂ ಕೇಳಿಸಿತು. ಕೇತಕಿ ಅಭ್ಯಾಸಬಲದಿಂದ ನಿಂತಳು, ತಿರುಗಲಿಲ್ಲ.

“ಪೆಟ್ಟಿಗೇಲಿ ಎರಡು ಬಾಚಣಿಗೆ ಇಟ್ಟಿದೀನಿ. ಮೊದಲು ಅಗಲ ಹಲ್ಲಿಂದು ತಗೊ. ಎಡಗಿವಿ ಹಿಂದೆ ನಿಂಗೆ ಯಾವಾಗ್ಲೂ ಸಿಕ್ಕಾಗುತ್ತೆ. ಅಲ್ಲಿ ಮೆಲ್ಲಗೆ, ಅಲ್ಲಿ ನೋವಾಗುತ್ತೆ.”

ಹೇಳಿ ಮುಗಿಸಿ ಅವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಇಷ್ಟು ಕೇಳಿಸುತ್ತದೆಂದು ಅವಳಿಗೆ ಗೊತ್ತಿತ್ತು, ಇದು ಬರೀ ಬಾಚಣಿಗೆಯ ವಿಷಯವಲ್ಲವೇ. ಮಗಳನ್ನು ಕಳಿಸಿಕೊಡುವುದಕ್ಕೆ ಮುಂಚೆ ಉಳಿದದ್ದೊಂದನ್ನು ಹೇಳಿದ್ದಳು, ಅಷ್ಟೆ. ಆದರೆ ಮೆಟ್ಟಿಲಿನ ಮೇಲೆ ನಿಂತಿದ್ದ ನಾನು ಸುತ್ತ ನೋಡಿದೆ. ನಮ್ಮ ಕಡೆಯ ಹೆಂಗಸರು, ಗಂಡಿನ ಕಡೆಯ ಹೆಂಗಸರು, ದಪ್ಪ ಬಳೆಯ ಬೀಗಿತ್ತಿ, ಎಲ್ಲರ ಎಡಗೈಯೂ ತಮಗೇ ತಿಳಿಯದೆ ಮೇಲೆ ಹೋಗಿ ತಂತಮ್ಮ ಎಡಗಿವಿಯ ಹಿಂದೆ ನಿಂತಿತ್ತು. ನನ್ನದೂ ಅಲ್ಲೇ ಇತ್ತು.

“ಇದೇನು ಸಾಲೇ?” ಎಂದರು ಗೋದತ್ತೆ. “ವಾರಿಜಾ, ನೀನು ಹೇಳು. ಊರಿಗೆಲ್ಲ ಬರೆದುಕೊಡೋಳು.”

“ಕೇಳ್ಸಿತಲ್ಲ ಅತ್ತೆ.”

“ಬದನೆಕಾಯಿ ರೇಟೂ ಕೇಳ್ಸುತ್ತೆ. ಹೋಲಿಕೆ ಎಲ್ಲಿ ಇದ್ರಲ್ಲಿ? ಇದು ಯಾವುದರ ಥರ?”

“ಯಾವುದರ ಥರಾನೂ ಅಲ್ಲ ಅತ್ತೆ,” ಎಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನಗೆ ಹೇಳಲು ಬೇರೆ ಮಾತು ಸಿಗಲಿಲ್ಲ. “ಅದು ಅದೇ.”

“ಅದು ಅದೇ ಅಂತೆ. ಇದಕ್ಕೆ ನಾನು ಏನು ಅಂತ ಹೇಳ್ಲಿ? ಎಲ್ಲರೂ ಹೀಗೇ ಶುರುಮಾಡಿದ್ರೆ ನಾಳೆ ಹುಳಿಗೆ ಉಪ್ಪು ಹಾಕೋದನ್ನೂ...” ಗೋದತ್ತೆ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಅವರ ಸುಕ್ಕುಗಟ್ಟಿದ ಕೈಯೂ ಕಿವಿಯ ಹತ್ತಿರವಿತ್ತು. ಅದನ್ನು ನೋಡಿಕೊಂಡು ಕೆಳಗಿಳಿಸಿ ಮಡಿಲಲ್ಲಿ ಇಟ್ಟುಕೊಂಡರು.

ಕೇತಕಿ ಮೆಟ್ಟಿಲು ಹತ್ತಿ ಬಂದಳು. ಯಾರ ತೀರ್ಪಿಗೂ ಕಾಯಲಿಲ್ಲ. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು. ಕಾಲಿಟ್ಟವಳು ಪದ್ಧತಿಯಂತೆ ಹಿಂದಕ್ಕೆ ಬರುವ ಬದಲು, ರೇಷ್ಮೆ ಸೀರೆಯನ್ನು ಮುದುರಿಕೊಂಡು ನೆಲದ ಮೇಲೆ, ವನಮಾಲಳಿಗೆ ಬೆನ್ನು ಮಾಡಿ ಕೂತುಬಿಟ್ಟಳು. ಸಿಂಗಾರ ಮಾಡಲು ಬಂದವಳು ಕಟ್ಟಿದ್ದ ಮೊಗ್ಗಿನ ಜಡೆಗೆ ಕೈ ಹಾಕಿ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟಳು.

“ಬಿಗಿಯಾಗಿದೆ ಚಿಕ್ಕಮ್ಮ. ಯಾರೋ ಹಾಕಿದ್ದು,” ಎಂದಳು.

“ಅಯ್ಯೋ, ಈಗಲೇನೇ?” ಎಂದಳು ವನಮಾಲ.

“ಮುಹೂರ್ತ!” ಎಂದರು ಗೋದತ್ತೆ.

“ಇರ್ಲಿ ಬಿಡಿ ಅಮ್ಮ,” ಎಂದರು ಬೀಗಿತ್ತಿ. “ದೋಣಿ ನಮ್ಮದೇ. ಮಂಜೂ ಕರಗ್ಲಿ.”

ವನಮಾಲ ಮಗಳ ಹಿಂದೆ ಕೂತಳು. ಕೂದಲಿಗೆ ಕೈ ಹಚ್ಚಿ, ಆಮೇಲೆ ನಮ್ಮತ್ತ ಕಣ್ಣೆತ್ತಿ, “ಬಾಚಣಿಗೆ ಪೆಟ್ಟಿಗೇಲಿದೆ,” ಎಂದಳು.

ಅಂಬಿಗರಿಬ್ಬರೂ ಗೊಣಗಿಕೊಳ್ಳುತ್ತ ಮಂಜಿನೊಳಗೆ ಇಳಿದರು. ಆ ಪೆಟ್ಟಿಗೆ ಮೂವತ್ತೆರಡು ಮೆಟ್ಟಿಲು ಹತ್ತಿ ಮತ್ತೆ ಮೇಲೆ ಬಂತು, ಹೊಸ್ತಿಲು ದಾಟಿ ಒಳಗೆ ಹೋಯಿತು. ದಿವಾಕರಯ್ಯ ಬೀಗ ತೆಗೆದರು. ಮೊಗ್ಗುಗಳು ನೆಲದ ಮೇಲೆ ಉದುರತೊಡಗಿದವು. ನಾವೆಲ್ಲ ಅಲ್ಲಲ್ಲೇ ಮೆಟ್ಟಿಲುಗಳ ಮೇಲೆ ಕೂತೆವು.

“ಎಳೀತಿದೀರ ಚಿಕ್ಕಮ್ಮ.”

“ತಲೆ ಅಲ್ಲಾಡಿಸ್ಬೇಡ.”

“ನಾನೆಲ್ಲಿ ಅಲ್ಲಾಡಿಸಿದೆ? ಅದು ಎಡಗಿವಿ ಹಿಂದೆ, ಮೆಲ್ಲಗೆ.”

“ಸುಮ್ನೆ ಕೂತ್ಕೊ,” ಎಂದಳು ವನಮಾಲ.